ಆಟಕ್ಕೊಂದು, ಕಂಬಳಕ್ಕೊಂದು, ಕಡಲಿಗೊಂದು: ಕ್ಯಾಮೆರಾ ಆರಿಸುವ ಬಗೆ

"ಯಾವ ಕ್ಯಾಮೆರಾ ಒಳ್ಳೇದು ಮಾರಾಯ್ರೆ?" ಎಂದು ಅಂಗಡಿಗೆ ಹೋಗಿ ಕೇಳಿದರೆ, ಅವತ್ತು ಅಲ್ಲಿ ಯಾವುದು ಸ್ಟಾಕ್ ಉಂಟೋ ಅದೇ ಒಳ್ಳೇದು. ಆ ಪ್ರಶ್ನೆಯೇ ಸರಿಯಿಲ್ಲ. ಮಲ್ಪೆ ಕಡಲತೀರದ ಸಂಜೆಗೆ ಹೇಳಿ ಮಾಡಿಸಿದಂತಿರುವ ಕ್ಯಾಮೆರಾ ರಾತ್ರಿಯ ಯಕ್ಷಗಾನ ಬಯಲಾಟದಲ್ಲಿ ಕೈಕೊಡುತ್ತದೆ. ಆಟಕ್ಕೆ ಒದಗುವುದನ್ನು ಹಕ್ಕಿಗೆ ಹಿಡಿದರೆ ಹಕ್ಕಿ ಚುಕ್ಕಿಯಷ್ಟೇ ಕಾಣುತ್ತದೆ. ಹಾಗಾಗಿ ಮೊದಲು ಒಂದು ಚೀಟಿಯಲ್ಲಿ ನಾಲ್ಕು ಸಂಗತಿ ಬರೆದುಕೊಳ್ಳಿ.

ತೆಗೆಯಬೇಕಾದದ್ದು ಎಷ್ಟು ದೂರದಲ್ಲಿರುತ್ತದೆ? ಬೆಳಕು ಎಷ್ಟಿರುತ್ತದೆ? ಅದು ಎಷ್ಟು ವೇಗವಾಗಿ ಚಲಿಸುತ್ತದೆ? ನೀರು, ಉಪ್ಪು, ಹೊಯ್ಗೆ (ಮರಳು) ತಾಗುತ್ತದೆಯೇ? ದೂರವೆಂದರೆ ಉದ್ದ ಲೆನ್ಸ್ ಬೇಕು. ಬೆಳಕು ಕಡಿಮೆಯೆಂದರೆ ದೊಡ್ಡ ಸೆನ್ಸರ್ (ಬೆಳಕನ್ನು ಚಿತ್ರವಾಗಿಸುವ ಚಿಪ್) ಮತ್ತು ಅಗಲ ಬಾಯಿಯ ಲೆನ್ಸ್ ಬೇಕು. ವೇಗವಿದ್ದರೆ ಚುರುಕಾದ ಫೋಕಸ್ ಬೇಕು. ನೀರಿದ್ದರೆ ಮೇಲಿನ ಮೂರನ್ನೂ ಸ್ವಲ್ಪ ಬಿಟ್ಟುಕೊಟ್ಟು, ಮುಚ್ಚಿದ ಗಟ್ಟಿ ಕ್ಯಾಮೆರಾಕ್ಕೆ ಹೋಗಬೇಕು. ಎಲ್ಲವೂ ಒಂದರಲ್ಲೇ ಸಿಗುವುದಿಲ್ಲ.

ಸೆನ್ಸರ್: ಅಂಗಳ ಎಷ್ಟು ದೊಡ್ಡದು?

ಬಿಸಿಲು ಎಲ್ಲರ ಮನೆಗೂ ಒಂದೇ, ಆದರೆ ಅಂಗಳ ದೊಡ್ಡದಿದ್ದವರಿಗೆ ಹೆಚ್ಚು ಅಡಿಕೆ ಒಣಗುತ್ತದೆ. ಸೆನ್ಸರ್ ಅಂಥದ್ದೇ ಅಂಗಳ. ಫುಲ್‌ಫ್ರೇಮ್ ಎಂದರೆ 36×24 ಮಿ.ಮೀ. ಎಪಿಎಸ್-ಸಿ ಸುಮಾರು 23.5×15.6 ಮಿ.ಮೀ., ಕ್ಯಾನನ್‌ನಲ್ಲಿ ಇನ್ನೂ ತುಸು ಚಿಕ್ಕದು. ಮೈಕ್ರೋ ಫೋರ್ ಥರ್ಡ್ಸ್ 17.3×13 ಮಿ.ಮೀ. 'ಒಂದು ಇಂಚು' ಎಂದು ಕರೆಯುವ ಸೆನ್ಸರ್ ನಿಜವಾಗಿ 13.2×8.8 ಮಿ.ಮೀ. ಮಾತ್ರ, ಹೆಸರು ನಂಬಿ ಮೋಸ ಹೋಗಬೇಡಿ. ಉದ್ದ ಜೂಮಿನ ಬ್ರಿಡ್ಜ್ ಕ್ಯಾಮೆರಾಗಳಲ್ಲಿರುವುದು ಹೆಚ್ಚಾಗಿ 6.2×4.6 ಮಿ.ಮೀ., ಅಂದರೆ ಫುಲ್‌ಫ್ರೇಮಿನ ಮೂವತ್ತರಲ್ಲಿ ಒಂದು ಪಾಲು.

ಮೆಗಾಪಿಕ್ಸೆಲ್ ಎಂಬುದು ಆ ಅಂಗಳದಲ್ಲಿ ಎಳೆದ ಚೌಕಗಳ ಲೆಕ್ಕ ಅಷ್ಟೆ. ಚಿಕ್ಕ ಅಂಗಳದಲ್ಲಿ ಚೌಕ ಹೆಚ್ಚು ಎಳೆದರೆ ಬೆಳಕು ಹೆಚ್ಚಾಗುವುದಿಲ್ಲ. 24 ಮೆಗಾಪಿಕ್ಸೆಲ್ ಇದ್ದರೆ ಮನೆಯ ಗೋಡೆಗೆ ದೊಡ್ಡ ಫ್ರೇಮ್ ಹಾಕಿಸಲು ಧಾರಾಳ ಸಾಕು.

ಕೈಯಲ್ಲಿರುವ ಫೋನ್

ಹಗಲಿನ ಊಟ, ಮನೆ, ರಥಬೀದಿ, ಮಕ್ಕಳು: ಇವಕ್ಕೆ ಒಳ್ಳೆಯ ಫೋನ್ ಸಾಕು, ಬೇರೆ ಖರ್ಚು ಬೇಡ. ಮುಖ್ಯ ಲೆನ್ಸ್ ಸಾಮಾನ್ಯವಾಗಿ 24 ಮಿ.ಮೀ. ಆಸುಪಾಸಿನ ಅಗಲ ನೋಟ (ಲೆನ್ಸಿನ ಈ ಸಂಖ್ಯೆ ಹೆಚ್ಚಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ). ನೈಟ್ ಮೋಡಿನಲ್ಲಿ ಫೋನ್ ಹಲವು ಚಿತ್ರ ತೆಗೆದು ಒಂದರ ಮೇಲೊಂದು ಕೂಡಿಸುತ್ತದೆ. ದೀಪೋತ್ಸವದಲ್ಲಿ ಹಣತೆ ಅಲುಗದೆ ನಿಂತಿರುವುದರಿಂದ ಚಿತ್ರ ಚೆನ್ನಾಗಿ ಬರುತ್ತದೆ. ಅದೇ ಮೋಡಿನಲ್ಲಿ ಹುಲಿವೇಷದ ಕುಣಿತ ತೆಗೆದರೆ ಬಾಲ ಒಂದು ಕಡೆ, ಕಾಲು ಇನ್ನೊಂದು ಕಡೆ ಕರಗಿರುತ್ತದೆ. ಕುಣಿತಕ್ಕೆ ನೈಟ್ ಮೋಡ್ ಆಫ್ ಮಾಡಿ ಬಿಡಿ. ಬೆರಳಿನಲ್ಲಿ ಚಿವುಟಿ ಜೂಮ್ ಮಾಡುವುದಕ್ಕಿಂತ ನಾಲ್ಕು ಹೆಜ್ಜೆ ಮುಂದೆ ಹೋಗುವುದು ಮೇಲು. ಸಮುದ್ರತೀರದಲ್ಲಿ ಫೋಟೊ ಮಸುಕಾದರೆ ಮೊದಲು ಲೆನ್ಸ್ ಗಾಜು ಒರೆಸಿ ನೋಡಿ. ಉಪ್ಪಿನ ಪದರವೇ ಹೆಚ್ಚು ಸಲ ಕಾರಣ.

ಡಿಎಸ್‌ಎಲ್‌ಆರ್ ಮತ್ತು ಮಿರರ್‌ಲೆಸ್

ಡಿಎಸ್‌ಎಲ್‌ಆರ್‌ನಲ್ಲಿ ಲೆನ್ಸಿನ ಹಿಂದೆ ಒಂದು ಕನ್ನಡಿ ಓರೆಯಾಗಿ ನಿಂತಿರುತ್ತದೆ. ಬೆಳಕನ್ನು ಮೇಲೆ ಹಾಯಿಸಿ ಕಣ್ಣಿಗೆ ಕೊಡುವುದು ಅದರ ಕೆಲಸ. ಬಟನ್ ಒತ್ತಿದಾಗ ಕನ್ನಡಿ ಎದ್ದು ಸೆನ್ಸರಿಗೆ ದಾರಿ ಬಿಡುತ್ತದೆ. ಆ 'ಟಪಕ್' ಸದ್ದಿನಲ್ಲಿ ಅದರ ಪಾಲೂ ಉಂಟು. ಮಿರರ್‌ಲೆಸ್‌ನಲ್ಲಿ ಕನ್ನಡಿಯಿಲ್ಲ. ಸೆನ್ಸರ್ ಕಂಡದ್ದನ್ನೇ ಪುಟ್ಟ ಪರದೆಯಲ್ಲಿ ನೀವು ನೋಡುತ್ತೀರಿ, ಫೋಟೊ ಎಷ್ಟು ಬೆಳ್ಳಗೆ ಅಥವಾ ಕಪ್ಪಗೆ ಬರುತ್ತದೆಂದು ಒತ್ತುವ ಮೊದಲೇ ತಿಳಿಯುತ್ತದೆ. ಕಲಿಯುವವರಿಗೆ ಇದು ದೊಡ್ಡ ಲಾಭ.

ಕ್ಯಾನನ್, ನಿಕಾನ್ ಎರಡೂ 2020ರ ನಂತರ ಹೊಸ ಡಿಎಸ್‌ಎಲ್‌ಆರ್ ಮಾದರಿ ತಂದಿಲ್ಲ. ಹೊಸತನ್ನೇ ಕೊಳ್ಳುವುದಾದರೆ ಮಿರರ್‌ಲೆಸ್ ಕೊಳ್ಳಿ. ಆದರೆ ಕೈಯಲ್ಲಿ ಹಣ ಕಡಿಮೆಯಿದ್ದರೆ ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ ಇವತ್ತಿಗೂ ಚೌಕಾಸಿಗೆ ಯೋಗ್ಯ. ಬ್ಯಾಟರಿಯೂ ಅದರದ್ದೇ ಹೆಚ್ಚು ಬಾಳುತ್ತದೆ: ಡಿಎಸ್‌ಎಲ್‌ಆರ್ 800ಕ್ಕೂ ಹೆಚ್ಚು ಫೋಟೊ ಕೊಡುವಲ್ಲಿ ಸಣ್ಣ ಮಿರರ್‌ಲೆಸ್ 300–400ಕ್ಕೆ ಸುಸ್ತಾಗುತ್ತದೆ. ಮದುವೆ, ರೋಸ್ (ಕ್ರೈಸ್ತರ ಮದುವೆಗೆ ಮೊದಲಿನ ಶಾಸ್ತ್ರ), ಗೃಹಪ್ರವೇಶಕ್ಕೆ ಹೋಗುವವರು ಎರಡು ಹೆಚ್ಚುವರಿ ಬ್ಯಾಟರಿಯ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸಬೇಕು. ದುಡ್ಡು ತೆಗೆದುಕೊಂಡು ಮದುವೆ ತೆಗೆಯುವವರಿಗೆ ಎರಡು ಕಾರ್ಡ್ ಹಾಕುವ ಬಾಡಿಯೇ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಬೇಕು. ಒಂದು ಕಾರ್ಡ್ ಕೆಟ್ಟರೆ ಮುಹೂರ್ತವನ್ನು ಮತ್ತೆ ಇಡಿಸಲಾಗುವುದಿಲ್ಲ.

ಹಣವನ್ನು ಬಾಡಿಗಿಂತ ಲೆನ್ಸಿಗೆ ಹಾಕಿ. ಜೊತೆಗೆ ಬರುವ 18–55 ಮಿ.ಮೀ. ಲೆನ್ಸ್ ಜೂಮಿನ ತುದಿಯಲ್ಲಿ ಎಫ್ 5.6ಕ್ಕೆ ಇಳಿಯುತ್ತದೆ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ಬಾಯಿ ಅಗಲ). 50 ಮಿ.ಮೀ. ಎಫ್ 1.8 ಲೆನ್ಸ್ ಅದಕ್ಕಿಂತ ಸುಮಾರು ಹತ್ತು ಪಟ್ಟು ಹೆಚ್ಚು ಬೆಳಕು ಒಳಬಿಡುತ್ತದೆ. ಚರ್ಚಿನೊಳಗಿನ ಮದುವೆ, ಮಠದ ಸಭಾಂಗಣ, ದೇವಸ್ಥಾನದ ಹೊರಾಂಗಣದ ದೀಪಗಳಿಗೆ ಈ ಒಂದು ಲೆನ್ಸ್ ಮಾಡುವ ಉಪಕಾರವನ್ನು ದುಬಾರಿ ಬಾಡಿ ಮಾಡುವುದಿಲ್ಲ.

ಯಕ್ಷಗಾನ: ಕ್ಯಾಮೆರಾದ ಅಗ್ನಿಪರೀಕ್ಷೆ

ಬೆಳಕು ಕಡಿಮೆ, ಕುಣಿತ ಜೋರು, ಹಿಂದೆ ಕಪ್ಪು, ಕಿರೀಟದ ತುಂಬ ಮಿನುಗು. ಇಲ್ಲಿ ಗೆದ್ದ ಕ್ಯಾಮೆರಾ ಉಳಿದ ಸಮಾರಂಭಗಳಲ್ಲಿ ಹೆಚ್ಚೇನೂ ತೊಂದರೆ ಕೊಡುವುದಿಲ್ಲ. ಎಪಿಎಸ್-ಸಿ ಅಥವಾ ಫುಲ್‌ಫ್ರೇಮ್ ಬಾಡಿ ಇರಲಿ. ಮುಂದಿನ ಸಾಲಿನಲ್ಲಿ ಕೂರುವುದಾದರೆ 50 ಅಥವಾ 85 ಮಿ.ಮೀ. ಎಫ್ 1.8, ಹಿಂದಿನಿಂದ ತೆಗೆಯುವುದಾದರೆ 70–200 ಮಿ.ಮೀ. ಎಫ್ 2.8. ಕೊನೆಯದನ್ನು ಕೊಳ್ಳುವ ಬದಲು ಒಂದು ರಾತ್ರಿಗೆ ಬಾಡಿಗೆಗೆ ತರುವುದು ಜಾಣತನ.

ಹೊಂದಿಸುವ ಕ್ರಮ ಹೀಗೆ:

1. ಡಯಲನ್ನು ಎಂ (ಮ್ಯಾನುಯಲ್) ಗುರುತಿಗೆ ತಿರುಗಿಸಿ. ಆಟೋದಲ್ಲಿಟ್ಟರೆ ಹಿಂದಿನ ಕತ್ತಲನ್ನು ಬೆಳಗಿಸಲು ಹೋಗಿ, ಕ್ಯಾಮೆರಾ ವೇಷದ ಮುಖವನ್ನು ಸುಣ್ಣ ಬಳಿದಂತೆ ಮಾಡುತ್ತದೆ.
2. ಅಪರ್ಚರ್ (ಲೆನ್ಸಿನ ಬಾಯಿ) ಎಫ್ 2ರಿಂದ 2.8.
3. ಅರ್ಥ (ಮಾತುಗಾರಿಕೆ) ಹೇಳುವಾಗ ಶಟರ್ (ಬೆಳಕು ಒಳಬಿಡುವ ಹೊತ್ತು) 1/200 ಸೆಕೆಂಡ್ ಸಾಕು. ಧಿಗಿಣ (ಹಾರಿ ಸುತ್ತುವ ಕುಣಿತ) ಹಾಕುವಾಗ 1/500 ಬೇಕು.
4. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ತೋರುವ ಚುರುಕು) 1600ರಿಂದ ಶುರುಮಾಡಿ, ಮುಖ ಸರಿಯಾಗಿ ಕಾಣುವವರೆಗೆ ಏರಿಸಿ. 6400 ತಲುಪಿದರೂ ಹೆದರಬೇಡಿ. ಕಾಳು ಕಾಳು ಬಂದ ಫೋಟೊವನ್ನು ತಿದ್ದಬಹುದು, ಅಲುಗಿದ್ದನ್ನು ತಿದ್ದಲಾಗದು.
5. ವೈಟ್ ಬ್ಯಾಲೆನ್ಸನ್ನು (ಬಣ್ಣದ ಹದ) ಒಂದು ಕಡೆ ನಿಲ್ಲಿಸಿ, 4500 ಕೆಲ್ವಿನ್ ಆಸುಪಾಸು. ಆಟೋ ಬಿಟ್ಟರೆ ಕೆಂಪು ವೇಷ ಬಂದಾಗ ಒಂದು ಬಣ್ಣ, ಹಸಿರು ಬಂದಾಗ ಇನ್ನೊಂದು.

ಎಷ್ಟೋ ಜನ ಎಡವುವುದು ಇನ್ನೊಂದು ಕಡೆ: ಫೋಟೊದಲ್ಲಿ ಅಡ್ಡಡ್ಡ ಕಪ್ಪು ಪಟ್ಟಿಗಳು. ನಮ್ಮ ಕರೆಂಟು 50 ಹರ್ಟ್ಸ್, ಆದ್ದರಿಂದ ರಂಗಸ್ಥಳದ ಅನೇಕ ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಮಿರರ್‌ಲೆಸ್ಸಿನ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಚಿತ್ರವನ್ನು ಸಾಲು ಸಾಲಾಗಿ ಓದುವುದರಿಂದ, ಮಿಣುಕಿನ ನಡುವೆ ಓದಿದ ಸಾಲುಗಳು ಕಪ್ಪಾಗುತ್ತವೆ. ಆಟದಲ್ಲಿ ಸೈಲೆಂಟ್ ಮೋಡ್ ಬೇಡ, ಮೆಕ್ಯಾನಿಕಲ್ ಶಟರ್ ಇಡಿ. ಚೆಂಡೆ ಬಾರಿಸುವಲ್ಲಿ ನಿಮ್ಮ ಕ್ಯಾಮೆರಾದ ಸದ್ದು ಯಾರಿಗೆ ಕೇಳುತ್ತದೆ? ಮೆನುವಿನಲ್ಲಿ ಆ್ಯಂಟಿ ಫ್ಲಿಕರ್ ಆಯ್ಕೆಯಿದ್ದರೆ ಹಾಕಿಕೊಳ್ಳಿ. ವಿಡಿಯೊ ಆದರೆ ಕ್ಯಾಮೆರಾವನ್ನು ಪಾಲ್ (PAL) ಎಂಬ ವಿಡಿಯೊ ಕ್ರಮಕ್ಕೆ ಬದಲಿಸಿ, ಸೆಕೆಂಡಿಗೆ 25 ಫ್ರೇಮ್, ಶಟರ್ 1/50. ಎಷ್ಟೋ ಕ್ಯಾಮೆರಾಗಳು 30 ಫ್ರೇಮಿಗೆ ಹೊಂದಿಸಿಯೇ ಬರುತ್ತವೆ; ಅದರಲ್ಲೇ ತೆಗೆಯುವುದಾದರೂ ಶಟರನ್ನು 1/60 ಬಿಟ್ಟು 1/50ಕ್ಕೋ 1/100ಕ್ಕೋ ತನ್ನಿ.

ಫ್ಲ್ಯಾಶ್ ಹೊಡೆಯಬೇಡಿ. ಚೌಕಿಯಲ್ಲಿ (ವೇಷ ಕಟ್ಟುವ ಕೋಣೆ) ಬಣ್ಣ ಹಚ್ಚುವುದನ್ನು ತೆಗೆಯುವುದಾದರೆ ಕೇಳಿಯೇ ಒಳಗೆ ಹೋಗಿ. ಭೂತಕೋಲ, ನಾಗಮಂಡಲಗಳಲ್ಲಂತೂ ನಡೆಸುವ ಮನೆಯವರ ಒಪ್ಪಿಗೆಯಿಲ್ಲದೆ ಕ್ಯಾಮೆರಾ ಎತ್ತಲೇಬಾರದು.

ಕಂಬಳ

2020ರಲ್ಲಿ ಐಕಳದ ಕಂಬಳದಲ್ಲಿ ಕೋಣಗಳು 142.5 ಮೀಟರ್ ಕರೆಯನ್ನು (ಓಟದ ಗದ್ದೆ) 13.62 ಸೆಕೆಂಡಿನಲ್ಲಿ ಓಡಿದ್ದು ಸುದ್ದಿಯಾಯಿತಲ್ಲ, ಅದನ್ನೇ ಲೆಕ್ಕ ಹಾಕಿ. ಸೆಕೆಂಡಿಗೆ ಹತ್ತು ಮೀಟರಿಗಿಂತ ಹೆಚ್ಚು. ಶಟರ್ 1/100 ಇಟ್ಟರೆ ಅಷ್ಟರಲ್ಲಿ ಕೋಣ 10 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ, ಫೋಟೊದಲ್ಲಿ ಉಳಿಯುವುದು ಮಂಜು. 1/1000 ಇಟ್ಟರೆ ಒಂದೇ ಸೆಂಟಿಮೀಟರ್. ಹಗಲಿನಲ್ಲಿ 1/1600 ಇಡಿ, ನೀರಿನ ಹನಿ ಹನಿಯೂ ನಿಲ್ಲುತ್ತದೆ. ರಾತ್ರಿ ಫ್ಲಡ್‌ಲೈಟಿನಲ್ಲಿ 1/800 ಸಿಕ್ಕಿದರೂ ಪುಣ್ಯ.

ಮಂಜೊಟ್ಟಿಯ (ಓಟ ಮುಗಿಯುವ ತುದಿ) ಕಡೆಯಿಂದ 70–300 ಮಿ.ಮೀ. ಲೆನ್ಸ್ ಹಿಡಿದರೆ ಕೋಣಗಳು ಎದುರಿಗೇ ಬರುತ್ತವೆ. ಆದರೆ ನೇರ ದಾರಿಯಲ್ಲಿ ನಿಲ್ಲಬೇಡಿ. ಓಟ ಮುಗಿದ ಮೇಲೂ ಅವು ತಕ್ಷಣ ನಿಲ್ಲುವುದಿಲ್ಲ. ಫೋಕಸನ್ನು ಕಂಟಿನ್ಯುವಸ್‌ಗೆ ಹಾಕಿ, ಎಎಫ್-ಸಿ ಅಥವಾ ಸರ್ವೋ ಎಂದು ಬರೆದಿರುತ್ತದೆ. ಸಿಂಗಲ್‌ನಲ್ಲಿ ಬಿಟ್ಟರೆ ಫೋಕಸ್ ಹಿಡಿದ ಜಾಗದಲ್ಲೇ ಉಳಿಯುತ್ತದೆ, ಕೋಣ ದಾಟಿ ಬಂದಿರುತ್ತದೆ. ಕನೆಹಲಗೆಯಲ್ಲಿ (ಹಲಗೆಯ ಮೇಲೆ ನಿಂತು ನೀರು ಚಿಮ್ಮಿಸುವ ವಿಭಾಗ) ಲೆಕ್ಕ ಬೇರೆ: ಮುಖ್ಯವಾದದ್ದು ನಿಶಾನಿಗೆ (ಎತ್ತರದಲ್ಲಿ ಕಟ್ಟಿದ ಗುರುತು) ಹಾರುವ ನೀರು. ಬದಿಯಲ್ಲಿ ದೂರ ನಿಂತು, ಮೇಲೆ ಜಾಗ ಬಿಟ್ಟು, ನಿಶಾನಿಗೇ ಮೊದಲು ಫೋಕಸ್ ಹಿಡಿದು ಕಾಯಬೇಕು.

ಬ್ರಿಡ್ಜ್, ಪಾಕೆಟ್, ಇನ್‌ಸ್ಟಂಟ್

ಹಕ್ಕಿ ನೋಡುವ ಹವ್ಯಾಸಕ್ಕೆ, ಹೆಗಲಿಗೆ ಭಾರ ಬೇಡ ಎನ್ನುವವರಿಗೆ ಬ್ರಿಡ್ಜ್ ಕ್ಯಾಮೆರಾ. ನಿಕಾನ್ ಪಿ950 ಫುಲ್‌ಫ್ರೇಮಿನ 2000 ಮಿ.ಮೀ. ಸಮಾನದ ವರೆಗೆ, ಪಿ1000 3000 ಮಿ.ಮೀ. ವರೆಗೆ ಹೋಗುತ್ತದೆ. ಚಂದ್ರನ ಕುಳಿಗಳೂ ಕಾಣುತ್ತವೆ. ಹಗಲು ಕಳೆಯಿತೋ, ಆ ಪುಟ್ಟ ಸೆನ್ಸರಿನ ಆಟವೂ ಮುಗಿಯಿತು. ಮಧ್ಯಾಹ್ನ ಗದ್ದೆ, ಹಿನ್ನೀರಿನ ಮೇಲೆ ತುಂಬ ದೂರ ಜೂಮ್ ಮಾಡಿದರೆ ಬಿಸಿಗಾಳಿಯಿಂದ ಚಿತ್ರ ಅಲೆಯಾಡುತ್ತದೆ. ಅದು ಕ್ಯಾಮೆರಾದ ದೋಷವಲ್ಲ, ಬೆಳಿಗ್ಗೆ ಬೇಗ ಹೋಗಿ.

ನಡೆಯುತ್ತ ಮಾತಾಡುತ್ತ ವಿಡಿಯೊ ಮಾಡುವವರಿಗೆ ಗಿಂಬಲ್ (ಅಲುಗಾಟ ತಡೆಯುವ ಸಾಧನ) ಜೋಡಿಸಿಯೇ ಬರುವ ಪಾಕೆಟ್ ಕ್ಯಾಮೆರಾ ಹಿತ. ತೀರದ ಗಾಳಿಗೆ ಮೈಕಿಗೆ ರೋಮದ ಟೊಪ್ಪಿ ಹಾಕದಿದ್ದರೆ ಮಾತಿನ ಬದಲು ಬರೀ ಬುಸುಬುಸು. ತೆಗೆದ ಕೂಡಲೇ ಚಿತ್ರ ಹೊರಬರುವ ಇನ್‌ಸ್ಟಂಟ್ ಕ್ಯಾಮೆರಾ ಹುಟ್ಟುಹಬ್ಬದ ಖುಷಿಗೆ. ಇನ್‌ಸ್ಟಾಕ್ಸ್ ಮಿನಿ ಪ್ಯಾಕಿನಲ್ಲಿ ಹತ್ತೇ ಹಾಳೆ, ಚಿತ್ರದ ಅಳತೆ 62×46 ಮಿ.ಮೀ.

ಕಡಲಿಗೆ ಇಳಿಯುವಾಗ

ನೀರಿಗಿಳಿಯುವವರಿಗೆ ಆ್ಯಕ್ಷನ್ ಕ್ಯಾಮೆರಾ. ಗೋಪ್ರೊ ಹೀರೊದ ಈಚಿನ ಹೆಚ್ಚಿನ ಮಾದರಿಗಳು ಬೇರೆ ಕವಚವಿಲ್ಲದೆ 10 ಮೀಟರ್ ಆಳದವರೆಗೆ ತಡೆಯುತ್ತವೆ, ಆದರೆ ಬ್ಯಾಟರಿಯ ಬಾಗಿಲಿನ ರಬ್ಬರಿನಲ್ಲಿ ಒಂದು ಕೂದಲು, ಒಂದು ಕಣ ಹೊಯ್ಗೆ ಸಿಕ್ಕಿದ್ದರೂ ಸಾಕು, ನೀರು ಒಳಗೆ. ಮುಚ್ಚುವ ಮೊದಲು ಒರೆಸಿ, ಬೆರಳಿನಲ್ಲಿ ಸವರಿ ನೋಡಿ. ಕೈಗೆ ತೇಲುವ ಹಿಡಿಕೆ ಹಾಕಿ; ಅದಿಲ್ಲದೆ ಅಲೆಗೆ ಜಾರಿದರೆ ಮುಳುಗುತ್ತದೆ. ಮನೆಗೆ ಬಂದ ಮೇಲೆ ಬಾಗಿಲು ತೆರೆಯದೆ ಸಿಹಿನೀರಿನಲ್ಲಿ ಹದಿನೈದು ನಿಮಿಷ ಮುಳುಗಿಸಿಟ್ಟು, ಒಣಗಿಸಿ, ಆಮೇಲೆ ತೆರೆಯಿರಿ. ಸಂಜೆಯ ಮೇಲೆ ಇದರಿಂದ ಹೆಚ್ಚು ಬಯಸಬೇಡಿ.

ಸೈಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳಿಗೆ, ಕಾಪು ದೀಪಸ್ತಂಭಕ್ಕೆ ಮಾಮೂಲಿ ಕ್ಯಾಮೆರಾ ಒಯ್ಯುವಾಗ ಬೇಕಾದ ಲೆನ್ಸನ್ನು ಮನೆಯಲ್ಲೇ ಹಾಕಿಕೊಂಡು ಹೊರಡಿ. ತೀರದಲ್ಲಿ ಲೆನ್ಸ್ ಬದಲಿಸಿದರೆ ಹೊಯ್ಗೆ ಸೆನ್ಸರಿಗೆ ಹೋಗುತ್ತದೆ. ಲೆನ್ಸಿನ ಮುಂದೆ ಯುವಿ ಫಿಲ್ಟರ್ ಇರಲಿ. ಉಪ್ಪು ಹಿಡಿದರೆ ಹೋಗುವುದು ಅದು, ಲೆನ್ಸ್ ಅಲ್ಲ.

ಡ್ರೋನ್ ಹಾರಿಸುವವರು ಮೊದಲು ಡಿಜಿಟಲ್ ಸ್ಕೈ (ಸರಕಾರದ ಡ್ರೋನ್ ಜಾಲತಾಣ) ನಕ್ಷೆ ನೋಡಬೇಕು. 2021ರ ಡ್ರೋನ್ ನಿಯಮಗಳ ಪ್ರಕಾರ ಹಸಿರು ವಲಯದಲ್ಲಿ 120 ಮೀಟರ್ ಎತ್ತರದವರೆಗೆ ಹಾರಿಸಬಹುದು. ವಿಮಾನ ನಿಲ್ದಾಣದ ಗಡಿಯಿಂದ 8 ಕಿ.ಮೀ. ಒಳಗೆ ಹಸಿರು ವಲಯವೇ ಇಲ್ಲ, 8ರಿಂದ 12 ಕಿ.ಮೀ. ವರೆಗೆ 60 ಮೀಟರ್ ಮಾತ್ರ. ಮಂಗಳೂರು ವಿಮಾನ ನಿಲ್ದಾಣವಿರುವ ಬಜ್ಪೆಯ ಸುತ್ತಲಿನವರಿಗೆ ಇದು ನೇರವಾಗಿ ತಟ್ಟುವ ನಿಯಮ. ಡ್ರೋನಿಗೆ ನೋಂದಣಿ ಸಂಖ್ಯೆಯೂ ಬೇಕು. ಗಾಳಿಯ ಲೆಕ್ಕವೂ ತಿಳಿದಿರಲಿ: ಮಧ್ಯಾಹ್ನ ಗಾಳಿ ಕಡಲಿಂದ ನೆಲಕ್ಕೆ, ಹಾಗಾಗಿ ಹಿಂದಿರುಗುವುದು ಸುಲಭ. ನಸುಕಿನಲ್ಲಿ ನೆಲದಿಂದ ಕಡಲಿಗೆ. ಹೋಗುವಾಗ ಹಾಯಾಗಿ ಹೋದ ಡ್ರೋನ್ ಬರುವಾಗ ಬ್ಯಾಟರಿ ಮುಗಿಸಿಕೊಳ್ಳುತ್ತದೆ. ಚಲಿಸುವ ಬೋಟಿನಿಂದ ಹಾರಿಸಿ 'ರಿಟರ್ನ್ ಹೋಮ್' ಒತ್ತಿದರೆ ಅದು ಬೋಟು ಮೊದಲಿದ್ದ ಜಾಗಕ್ಕೆ ಬಂದು ನೇರ ನೀರಿಗಿಳಿಯುತ್ತದೆ.

ಮನೆ ಕಾಯುವ ಸಿಸಿ ಕ್ಯಾಮೆರಾ

ಮಕ್ಕಳು ದುಬೈ, ಕುವೈತ್‌ನಲ್ಲಿ, ಅಪ್ಪ ಅಮ್ಮ ತೋಟದ ಮನೆಯಲ್ಲಿ. ಹೀಗಿರುವ ಮನೆಗಳಲ್ಲಿ ಕಾಣುವ ತಪ್ಪು ಒಂದೇ: ಅಂಗಳ ಪೂರ್ತಿ ಕಾಣಲಿ ಎಂದು 2.8 ಮಿ.ಮೀ. ಲೆನ್ಸಿನ ಕ್ಯಾಮೆರಾ ಹಾಕಿಸಿ, ಕಳ್ಳತನವಾದ ಮೇಲೆ ಮುಖ ಗುರುತು ಸಿಗದೆ ಕೈಕೈ ಹಿಸುಕುವುದು. 2 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ 2.8 ಮಿ.ಮೀ. ಲೆನ್ಸಿಗೆ ಮುಖ ಗುರುತಾಗುವುದು ಸುಮಾರು 4 ಮೀಟರ್ ಒಳಗೆ, 6 ಮಿ.ಮೀ. ಲೆನ್ಸಿಗೆ ಸುಮಾರು 8 ಮೀಟರ್. ಜಗಲಿಗೆ ಅಗಲದ್ದು, ಗೇಟಿಗೆ 6 ಮಿ.ಮೀ. ಹಾಕಿಸಿ.

ಹಾರ್ಡ್‌ಡಿಸ್ಕಿನ ಲೆಕ್ಕ: ಸೆಕೆಂಡಿಗೆ 2 ಮೆಗಾಬಿಟ್‌ನಂತೆ ಒಂದು ಕ್ಯಾಮೆರಾಕ್ಕೆ ದಿನಕ್ಕೆ 21.6 ಜಿಬಿ. ನಾಲ್ಕಕ್ಕೆ 86 ಜಿಬಿ. ಅಂದರೆ 1 ಟಿಬಿ ಡಿಸ್ಕಿನಲ್ಲಿ ಹನ್ನೊಂದು ದಿನ ಉಳಿಯುತ್ತದೆ, ಒಂದು ತಿಂಗಳು ಬೇಕಿದ್ದರೆ 3 ಟಿಬಿಗೆ ಕಡಿಮೆ ಬೇಡ.

ರಾತ್ರಿ ಚಿತ್ರ ಬೆಳ್ಳಗೆ ಮಂಜಾದರೆ ಕ್ಯಾಮೆರಾ ಕೆಟ್ಟಿತೆಂದು ಯಾರನ್ನೂ ಕರೆಸಬೇಡಿ, ಏಣಿ ಹಾಕಿ ನೋಡಿ. ದೀಪಕ್ಕೆ ಬರುವ ಹುಳಕ್ಕಾಗಿ ಜೇಡ ಬಲೆ ಕಟ್ಟಿರುತ್ತದೆ, ಇನ್‌ಫ್ರಾರೆಡ್ ಬೆಳಕು ಬಲೆಗೆ ತಾಗಿ ಲೆನ್ಸಿಗೇ ಮರಳುತ್ತದೆ. ಪೊರಕೆಯ ಒಂದು ಏಟು ಸಾಕು. ಕೇಬಲಿನ ಜೋಡಣೆಯನ್ನು ಹೊರಗೆ ನೇತಾಡಬಿಡದೆ ಮುಚ್ಚಿದ ಪೆಟ್ಟಿಗೆಯೊಳಗೆ ಇಡಿಸಿ, ಇಲ್ಲವಾದರೆ ಉಪ್ಪುಗಾಳಿಗೆ ಪಿನ್ನುಗಳು ಹಸಿರು ಹಿಡಿಯುತ್ತವೆ. ನೆಟ್‌ವರ್ಕ್ ಕೇಬಲ್ 100 ಮೀಟರ್ ದಾಟಬಾರದು. ಗುಡುಗು ಸಿಡಿಲಿನ ಕಾಲದಲ್ಲಿ ಆ ಉದ್ದ ತಂತಿಯ ಮೂಲಕವೇ ರೆಕಾರ್ಡರ್ ಸುಡುವುದು, ಹಾಗಾಗಿ ಸರ್ಜ್ ಪ್ರೊಟೆಕ್ಟರ್ ಮತ್ತು ಸರಿಯಾದ ಅರ್ಥಿಂಗ್ ಬಿಡಬೇಡಿ.

ಮಳೆಗಾಲ ಮತ್ತು ಬೂಸ್ಟು

ಆಟಿಯಲ್ಲಿ (ತುಳುನಾಡಿನ ಮಳೆಗಾಲದ ತಿಂಗಳು) ಹಪ್ಪಳ ಮೆತ್ತಗಾಗುವ ಮನೆಯಲ್ಲಿ ಲೆನ್ಸಿಗೆ ಬೂಸ್ಟು ಹಿಡಿಯುವುದು ಆಶ್ಚರ್ಯವಲ್ಲ. ಒಳಗಿನ ತೇವಾಂಶ ಶೇ. 60 ದಾಟಿ ವಾರಗಟ್ಟಲೆ ನಿಂತರೆ ಗಾಜಿನ ಮೇಲೆ ಬಿಳಿ ಬೇರಿನಂತೆ ಹಬ್ಬುತ್ತದೆ, ಬಹುಕಾಲ ಬಿಟ್ಟರೆ ಲೇಪವನ್ನೇ ತಿನ್ನುತ್ತದೆ. ಚರ್ಮದ ಚೀಲ, ಬಟ್ಟೆಯ ಕಪಾಟು ಎರಡೂ ಬೂಸ್ಟಿಗೆ ತವರು.

ಡ್ರೈ ಕ್ಯಾಬಿನೆಟ್ ಕೊಳ್ಳಲಾಗದವರು ಹೀಗೆ ಮಾಡಿ: ರಬ್ಬರ್ ಅಂಚಿನ 10 ಲೀಟರ್ ಪ್ಲಾಸ್ಟಿಕ್ ಡಬ್ಬ, ಅದರಲ್ಲಿ ಬಟ್ಟೆಯ ಗಂಟಿನಲ್ಲಿ 250 ಗ್ರಾಂ ಬಣ್ಣ ಬದಲಾಗುವ ಸಿಲಿಕಾ ಜೆಲ್, ತೇವಾಂಶ ಅಳೆಯುವ ಒಂದು ಪುಟ್ಟ ಹೈಗ್ರೋಮೀಟರ್. ಮುಳ್ಳು ಶೇ. 40ರಿಂದ 50ರ ನಡುವೆ ನಿಲ್ಲಬೇಕು. 30ಕ್ಕಿಂತ ಕೆಳಗೆ ಬಹಳ ದಿನ ಇಟ್ಟರೆ ರಬ್ಬರು ಒಣಗುತ್ತದೆ. ಕಿತ್ತಳೆ ಬಣ್ಣದ ಜೆಲ್ ಹಸಿರಾದಾಗ ಓವನ್‌ನಲ್ಲಿ 120 ಡಿಗ್ರಿಯಲ್ಲಿ ಎರಡು ಗಂಟೆ ಬಿಸಿಮಾಡಿದರೆ ಮತ್ತೆ ಬಳಸಬಹುದು. ಅಕ್ಕಿ ಬೇಡ, ಅದರ ಧೂಳು ಇನ್ನೊಂದು ತಲೆನೋವು. ಎ.ಸಿ. ಕೋಣೆಯಿಂದ ಹೊರಗೆ ತರುವಾಗ ಜಿಪ್ ಕವರಿನಲ್ಲಿ ಮುಚ್ಚಿ ಅರ್ಧ ಗಂಟೆ ಬಿಡಿ, ನೀರು ಕವರಿನ ಹೊರಗೆ ಕೂರುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ

ಕರಾವಳಿಯಲ್ಲಿ ಬಳಸಿದ ಲೆನ್ಸ್ ಎಂದರೆ ಮೊದಲ ಪರೀಕ್ಷೆ ಟಾರ್ಚಿನದ್ದು. ಹಿಂದಿನಿಂದ ಬೆಳಕು ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ನೂಲಿನಂಥ ಬಲೆ ಕಂಡರೆ ಅರ್ಧ ಬೆಲೆಗೂ ಬೇಡ. ನಾಲ್ಕು ಧೂಳಿನ ಕಣ ಇದ್ದರೆ ಚಿಂತೆಯಿಲ್ಲ. ಬಳಿಕ ಬಿಳಿ ಆಕಾಶಕ್ಕೆ ಎಫ್ 16ರಲ್ಲಿ ಒಂದು ಫೋಟೊ: ಕಪ್ಪು ಚುಕ್ಕೆಗಳು ಸೆನ್ಸರಿನ ಧೂಳನ್ನು ತೋರಿಸುತ್ತವೆ. ಶಟರ್ ಎಷ್ಟು ಸಲ ಬಡಿದಿದೆ ಎಂದು ಕೇಳಿ, ಸಾಧಾರಣ ಕ್ಯಾಮೆರಾ ಬಾಡಿಯಲ್ಲಿ ಒಂದು ಲಕ್ಷ ಸಲ ಎಂದರೆ ಬಾಳಿಕೆಯ ಬಹುಪಾಲು ಕಳೆದಂತೆ. ಬ್ಯಾಟರಿ ಉಬ್ಬಿ ಗೂಡಿನಿಂದ ಬಿಗಿಯಾಗಿ ಬಂದರೆ ಹೊಸ ಬ್ಯಾಟರಿಯ ಬೆಲೆ ಕಳೆದು ಮಾತಾಡಿ. ಕೊನೆಗೆ ಫ್ಲ್ಯಾಶ್ ಕೂರಿಸುವ ಹಳಿ ಮತ್ತು ಸ್ಕ್ರೂಗಳನ್ನು ನೋಡಿ. ಅಲ್ಲಿ ತುಕ್ಕು ಕಂಡರೆ ಕ್ಯಾಮೆರಾ ಕಡಲು ಕಂಡು ಬಂದದ್ದು, ಮಾರುವವರು ಏನೇ ಹೇಳಲಿ.